ಡೇಗೆಯ ತಟ್ಟೆಯಲ್ಲಿ ಚಾಣ

ಇಂಗ್ಲೆಂಡಿನ ಉತ್ತರದ ಅಂಚಿನಲ್ಲಿ, ಸ್ಕಾಟ್ಲೆಂಡಿನ ಗಡಿಗೆ ತಾಗಿಕೊಂಡು ಕೀಲ್ಡರ್ ಕಾಡಿದೆ. ಕಾಡು ಅನ್ನುವುದಕ್ಕಿಂತ ನೆಡುತೋಪು ಅನ್ನಬೇಕು. 1926ರಿಂದೀಚೆಗೆ ಬೋಳು ಗುಡ್ಡಗಳ ಮೇಲೆ ಸ್ಪ್ರೂಸ್ ಎಂಬ ಸೂಜಿಎಲೆಯ ಮರದ ಸಸಿ ನೆಟ್ಟು ಬೆಳೆಸಿದ್ದು ಅದು. ಹೊಸ ಸಸಿಗಳ ನಡುವೆ ಹುಲ್ಲು, ಹುಲ್ಲಿನಲ್ಲಿ ವೋಲ್ ಎಂಬ ಮೋಟುಬಾಲದ ಇಲಿ, ಇಲಿಯ ಮೇಲೆ ಕಣ್ಣಿಟ್ಟ ಚಾಣ ಎಂಬ ಚಿಕ್ಕ ಬೇಟೆಹಕ್ಕಿ. ಚಳಿಗಾಲದಲ್ಲಿ ನಮ್ಮ ಬಯಲುಸೀಮೆಯ ಹುಲ್ಲುಗಾವಲಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿಯುತ್ತದಲ್ಲ, ಅದೇ ಜಾತಿಯ ಚಾಣ.

1970ರ ದಶಕದಲ್ಲಿ ಅಲ್ಲಿಗೆ ಗಾಸ್‌ಹಾಕ್ ಎಂಬ ದೊಡ್ಡ ಡೇಗೆ ಬಂತು. ಬಂದೂಕು, ಬೋನುಗಳಿಗೆ ಸಿಕ್ಕಿ 19ನೆಯ ಶತಮಾನದ ಕೊನೆಗೆ ಬ್ರಿಟನ್ನಿನಲ್ಲಿ ಅಳಿದೇ ಹೋಗಿದ್ದ ಹಕ್ಕಿಯಿದು. ಡೇಗೆ ಸಾಕುವವರ ಕೈಯಿಂದ ತಪ್ಪಿಸಿಕೊಂಡವು, ಅವರೇ ಬಿಟ್ಟವು ಸೇರಿ ಮತ್ತೆ ಬೇರೂರಿದವು. ಹೆಣ್ಣು ಒಂದೂಕಾಲು ಕಿಲೋ ದಾಟಿ ತೂಗುತ್ತದೆ. ಚಾಣ ಇನ್ನೂರು ಗ್ರಾಂ ಆಸುಪಾಸು. ಡೇಗೆಗಳು ಹೆಚ್ಚಿದಂತೆ ಆ ಕಾಡಿನ ಚಾಣಗಳು ಕಡಿಮೆಯಾಗುತ್ತ ಬಂದವು.

ಗೂಡುಗಳ ಸುತ್ತ ಬಿದ್ದ ಗರಿ, ಮೂಳೆಗಳನ್ನು ಸಂಶೋಧಕರು ವರ್ಷಾನುಗಟ್ಟಲೆ ಹೆಕ್ಕಿದರು. 2003ರಲ್ಲಿ ಪ್ರಕಟವಾದ ಅವರ ಲೆಕ್ಕದ ಪ್ರಕಾರ ಡೇಗೆಯ ಆಹಾರದಲ್ಲಿ ಇತರ ಬೇಟೆಹಕ್ಕಿಗಳ ಪಾಲು ನೂರಕ್ಕೆ ಐದೂ ಇಲ್ಲ. ಪಾರಿವಾಳ, ಗ್ರೌಸ್ ಎಂಬ ಕಾಡುಕೋಳಿಯಂಥ ಹಕ್ಕಿ, ಕಾಗೆಗಳೇ ಹೆಚ್ಚು. ಇಷ್ಟರಿಂದ ಏನಾದೀತು ಅನ್ನಿಸುತ್ತದೆ. ಆದರೆ ಆ ಪಾಲನ್ನು ತಿನ್ನುವವರ ಕಡೆಯಿಂದಲ್ಲ, ಬಲಿಯಾಗುವವರ ಕಡೆಯಿಂದ ನೋಡಬೇಕು. ಬೇಟೆಹಕ್ಕಿಗಳ ಸಂಖ್ಯೆಯೇ ಕಡಿಮೆ. ವಸಂತದಲ್ಲಿ ಆ ಕಾಡಿನಲ್ಲಿ ಎಣಿಕೆಗೆ ಸಿಗುತ್ತಿದ್ದ ಚಾಣಗಳಿಗಿಂತ ಹೆಚ್ಚು ಚಾಣಗಳನ್ನು ಡೇಗೆಗಳು ಕೊಲ್ಲುತ್ತಿವೆ ಎಂಬ ಅಂದಾಜು ಹೊರಬಿತ್ತು. ಹೊರಗಿನಿಂದ ಹೊಸ ಚಾಣಗಳು ಬಂದು ಸೇರುತ್ತಿದ್ದವು, ಅವೂ ಬಲಿಯಾಗುತ್ತಿದ್ದವು. ಸತ್ತವುಗಳಲ್ಲಿ ಬಹಳಷ್ಟು ಬಲಿತ ಹಕ್ಕಿಗಳು, ಅದೂ ಮೊಟ್ಟೆಯಿಡುವ ಕಾಲ ಹತ್ತಿರವಾದಾಗ. ಬೀಜದ ಭತ್ತಕ್ಕೇ ಕೈಹಾಕಿದಂತೆ.

ಅದೇ ಕಾಡಿನ ಟಾನಿ ಗೂಬೆಯದು ಬೇರೆ ಕಥೆ. ಡೇಗೆಗಳು ಹೆಚ್ಚಿದಂತೆ ಅವಕ್ಕೆ ಬಲಿಯಾಗುವ ಗೂಬೆಗಳೂ ಹೆಚ್ಚಿದವು. ಆದರೆ 2015ರ ಅಧ್ಯಯನವೊಂದು ತೋರಿಸಿದಂತೆ, ಸಿಕ್ಕಿಬಿದ್ದವುಗಳಲ್ಲಿ ಎಳೆಯವುಗಳ ಪಾಲು ಅವುಗಳ ಸಂಖ್ಯೆಗೆ ಮೀರಿದ್ದು. ಗೂಡುಬಿಟ್ಟ ಮರಿಗಳು ಹಸಿವಿಗೆ ಎಡೆಬಿಡದೆ ಕೂಗುವುದೂ ಇದಕ್ಕೊಂದು ಕಾರಣವಿರಬಹುದು. ಎಳೆಗೂಬೆಗಳಲ್ಲಿ ಹೇಗೂ ಬಹುಪಾಲು ಮೊದಲ ವರ್ಷ ದಾಟುವುದಿಲ್ಲ; ಮರಿ ಮಾಡುವ ಜೋಡಿಗಳು ಉಳಿದದ್ದರಿಂದ ಪೆಟ್ಟು ಅಷ್ಟು ಜೋರಾಗಿ ಬೀಳಲಿಲ್ಲ. ಎಷ್ಟು ಸತ್ತವು ಅನ್ನುವ ಲೆಕ್ಕವೊಂದೇ ಇಟ್ಟುಕೊಂಡಿದ್ದರೆ ಈ ವ್ಯತ್ಯಾಸ ಕಾಣುತ್ತಿರಲಿಲ್ಲ.

ಹಾಗಂತ ಇಂಗ್ಲೆಂಡಿನ ಚಾಣಗಳ ಇಳಿಕೆಯನ್ನೆಲ್ಲ ಡೇಗೆಯ ತಲೆಗೆ ಕಟ್ಟುವಂತಿಲ್ಲ. ಡೇಗೆಯೇ ಇಲ್ಲದ ಹೊಲಗದ್ದೆಗಳಲ್ಲೂ ಅವು ಇಳಿದಿವೆ. ಕೀಲ್ಡರಿನ ಮಟ್ಟಿಗೂ ನನಗೆ ಒಂದು ತಕರಾರಿದೆ. ಡೇಗೆ ಬರುವ ಮೊದಲಿನ ಚಾಣಗಳ ಸಂಖ್ಯೆಯನ್ನೇ ಸಹಜವೆಂದು ಹಿಡಿಯುವುದು ಏಕೆ? ಆ ಕಾಡು ಹೊಸದು, ನಡುನಡುವಿನ ಹುಲ್ಲು ಇಲಿಗಳ ತವರು, ಮೇಲಿನ ಬೇಟೆಗಾರನನ್ನು ಮನುಷ್ಯ ಆಗಲೇ ಮುಗಿಸಿಯಾಗಿತ್ತು. ಚಾಣಗಳಿಗೆ ಅಷ್ಟು ಸುಗ್ಗಿ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ.