ಜೈಲಿಗೆ ಹೋದವರು ‘ಹಾಗೆ’ ಆಗಿಬಿಡ್ತಾರಾ?

ಪ್ರಶ್ನೆ: ಸಾರ್, ವರ್ಷಗಟ್ಟಲೆ ಜೈಲಲ್ಲಿದ್ದ ಗಂಡಸರು ಸಲಿಂಗಿಗಳಾಗಿಬಿಡ್ತಾರಂತೆ, ನಿಜವೇ? ಅಲ್ಲಿ ಹೆಂಗಸರೇ ಇರಲ್ಲವಲ್ಲ?

ಉತ್ತರ: ಇಲ್ಲ. ಪರಪ್ಪನ ಅಗ್ರಹಾರದ ಹೆಸರು ಟೀವಿಯಲ್ಲಿ ಬಂದಾಗಲೆಲ್ಲ ಇದೇ ‘ಅಂತೆ’ ನನ್ನ ಹತ್ತಿರ ಬರುತ್ತದೆ. ‘ಇಲ್ಲ’ ಅಂದು ಅಂದು ಸಾಕಾಗಿದೆ. ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ, ಕೂಡಿ ಕಳೆದು ನೀವೇ ಹೇಳಿ.

ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ಜೈಲುಗಳಲ್ಲಿ ಸಂಶೋಧಕರು ಚೀಟಿ ಎತ್ತಿದ ಹಾಗೆ ಆರಿಸಿದ 2,018 ಗಂಡಸು ಕೈದಿಗಳನ್ನು ಮಾತಾಡಿಸಿದರು. ಎದುರು ಕೂತಲ್ಲ, ಫೋನಿನಲ್ಲಿ. ಮುಖ ಕಾಣದ ದನಿಗೆ ಹೇಳುವಷ್ಟನ್ನು ಮನುಷ್ಯ ಮುಖ ನೋಡಿ ಹೇಳುವುದಿಲ್ಲ. ಫಲಿತಾಂಶ ಅಚ್ಚಾದದ್ದು 2012ರಲ್ಲಿ. ನೂರರಲ್ಲಿ 95 ಮಂದಿ ತಮ್ಮನ್ನು ಭಿನ್ನಲಿಂಗಿಗಳೆಂದೇ, ಅಂದರೆ ಹೆಣ್ಣಿನ ಕಡೆ ಒಲವಿರುವವರೆಂದೇ, ಗುರುತಿಸಿಕೊಂಡಿದ್ದರು. ಬದುಕಿನಲ್ಲಿ ಒಮ್ಮೆಯಾದರೂ ಇನ್ನೊಬ್ಬ ಗಂಡಸಿನ ಜೊತೆ ಲೈಂಗಿಕ ಸಂಪರ್ಕವಾಗಿದೆ ಅಂದವರು ಶೇ 13.5.

ಇಲ್ಲಿ ಸ್ವಲ್ಪ ನಿಲ್ಲಿ, ಎಲ್ಲರೂ ಜಾರುವ ಮೆಟ್ಟಿಲು ಇದೇ. ಆ 13.5ರಲ್ಲಿ 7.8ರಷ್ಟು ಮಂದಿಗೆ ಅದು ಆದದ್ದು ಜೈಲಿನ ಹೊರಗೆ ಮಾತ್ರ. ಒಳಗೂ ಹೊರಗೂ ಅಂದವರು 2.8. ಜೈಲಿನ ಒಳಗೆ ಮಾತ್ರ ಅಂದವರು 2.7. ಅಂದರೆ ನೂರು ಜನರ ಬ್ಯಾರಕ್ಕಿನಲ್ಲಿ ನಿಮ್ಮ ‘ಅಂತೆ’ಗೆ ಸಿಗುವವರು ಮೂರಕ್ಕಿಂತ ಕಮ್ಮಿ. ಆ ಮೂವರೂ ‘ಬದಲಾದರು’ ಅನ್ನಲು ಆಧಾರವಿಲ್ಲ. ಮಾಡಿದ್ದು ಬೇರೆ, ಮನಸ್ಸಿನ ಒಲವು ಬೇರೆ. ಹೊರಗೆ ಯಾರಿಗೂ ಹೇಳಿಕೊಳ್ಳಲಾಗದೆ ಇದ್ದ ಒಲವು ಒಳಗೆ ಬಾಯಿ ಬಿಟ್ಟಿರಲೂಬಹುದು. ಗೋಡೆಯೇ ಒಲವು ತಿರುಗಿಸುವಂತಿದ್ದರೆ, ಬದುಕಿನಲ್ಲಿ ಒಮ್ಮೆಯೂ ಅಂಥ ಸಂಪರ್ಕವಾಗಿಲ್ಲದ ಉಳಿದ 86 ಮಂದಿಗೆ ಅದೇಕೆ ತಾಗಲಿಲ್ಲ?

ಈ ನಂಬಿಕೆಗೆ ಓದಿದವರ ಆಸರೆಯೂ ಇತ್ತು ಅನ್ನಿ. ಅಮೆರಿಕದ ಟ್ರೆಂಟನ್ ಜೈಲನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಗ್ರೆಶಮ್ ಸೈಕ್ಸ್ 1958ರಲ್ಲಿ ಸೆರೆವಾಸದ ನೋವುಗಳನ್ನು ಪಟ್ಟಿ ಮಾಡಿ, ಹೆಣ್ಣಿನ ಸಂಗವಿಲ್ಲದಿರುವುದೂ ಅದರಲ್ಲೊಂದು ಅಂದ. ಓದಿದವರಲ್ಲಿ ಹಲವರು ಜೈಲಿನ ಸಲಿಂಗ ಸಂಬಂಧಕ್ಕೆ ಆ ಕೊರತೆಯೊಂದೇ ಕಾರಣ ಅಂತ ಹಿಡಿದುಕೊಂಡರು. ಆದರೆ 1962ರಲ್ಲಿ ಸಮಾಜಶಾಸ್ತ್ರಜ್ಞರಾದ ಜಾನ್ ಇರ್ವಿನ್ ಮತ್ತು ಡೊನಾಲ್ಡ್ ಕ್ರೆಸಿ, ಕೈದಿ ಗೇಟಿನೊಳಗೆ ಬರುವಾಗ ತನ್ನ ಹಿಂದಿನ ಬದುಕನ್ನೂ ಹೊತ್ತೇ ಬರುತ್ತಾನೆ ಅಂತ ವಾದಿಸಿದರು. ಮೇಲಿನ ಲೆಕ್ಕ ಹೆಚ್ಚಾಗಿ ಇವರ ಕಡೆಗೇ ವಾಲುತ್ತದೆ.

ಬಲಾತ್ಕಾರದ ಬಗ್ಗೆಯೂ ಒಂದು ಮಾತು, ಅದನ್ನು ಜೋಕು ಮಾಡುವವರಿಗಾಗಿ. ಅಮೆರಿಕ ಸರ್ಕಾರದ 2011-12ರ ಸಮೀಕ್ಷೆಯಲ್ಲಿ ಹಿಂದಿನ 12 ತಿಂಗಳಲ್ಲಿ ಲೈಂಗಿಕ ದೌರ್ಜನ್ಯ ಆಗಿದೆ ಅಂದ ಜೈಲುವಾಸಿಗಳು ಶೇ 4. ಸಹಕೈದಿಯಿಂದ ಅಂದವರು ಶೇ 2, ಜೈಲು ಸಿಬ್ಬಂದಿಯಿಂದ ಅಂದವರು ಶೇ 2.4. ಕೆಲವರು ಎರಡೂ ಕಡೆಯಿಂದ ಅಂದಿದ್ದರು. ಕೈದಿ ‘ನಾನೇ ಒಪ್ಪಿದೆ’ ಅಂದದ್ದನ್ನೂ ಸಿಬ್ಬಂದಿಯ ಲೆಕ್ಕಕ್ಕೇ ಸೇರಿಸಿದ್ದಾರೆ. ಬೀಗದ ಕೈ ಯಾರ ಸೊಂಟದಲ್ಲಿದೆಯೋ ಅವರ ಮುಂದೆ ಒಪ್ಪಿಗೆಗೆ ಏನು ಬೆಲೆ?

ನೀವು ಕೇಳದೇ ಇದ್ದದ್ದನ್ನೂ ಹೇಳಿಬಿಡುತ್ತೇನೆ: ಕಾಂಡೋಮ್ ಕೊಟ್ಟರೆ ಇದೆಲ್ಲ ಜಾಸ್ತಿಯಾಗುವುದಿಲ್ಲವೇ? ಆಸ್ಟ್ರೇಲಿಯಾದ ಆ ಸಮೀಕ್ಷೆಯಲ್ಲೇ ಇದಕ್ಕೂ ಉತ್ತರವಿದೆ. ನ್ಯೂ ಸೌತ್ ವೇಲ್ಸ್ 1996ರಿಂದಲೇ ಕೈದಿಗಳಿಗೆ ಕಾಂಡೋಮ್ ಕೊಡುತ್ತಿತ್ತು, ಕ್ವೀನ್ಸ್‌ಲ್ಯಾಂಡ್ ಕೊಡುತ್ತಿರಲಿಲ್ಲ. ಗುದಸಂಭೋಗ ಮಾಡಿದ್ದೇವೆ ಅಂದವರು ನ್ಯೂ ಸೌತ್ ವೇಲ್ಸ್‌ನಲ್ಲಿ ಶೇ 3.3, ಕ್ವೀನ್ಸ್‌ಲ್ಯಾಂಡಿನಲ್ಲಿ ಶೇ 3.6. ಅವರಲ್ಲಿ ಕಾಂಡೋಮ್ ಬಳಸಿದವರು ಮಾತ್ರ ನ್ಯೂ ಸೌತ್ ವೇಲ್ಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು, ಕ್ವೀನ್ಸ್‌ಲ್ಯಾಂಡಿನಲ್ಲಿ ಇಲ್ಲವೆನ್ನುವಷ್ಟು ಕಮ್ಮಿ.

ನಮ್ಮಲ್ಲೂ ಈ ಜಗಳ ಆಗಿತ್ತು. 1994ರಲ್ಲಿ ತಿಹಾರ್ ಜೈಲಿನ ಕೈದಿಗಳಿಗೆ ಕಾಂಡೋಮ್ ಕೊಡಿ ಅಂತ ವೈದ್ಯರು ಹೇಳಿದಾಗ, ಆಗ ಅಲ್ಲಿ ಐಜಿ ಆಗಿದ್ದ ಕಿರಣ್ ಬೇಡಿ ಒಪ್ಪಲಿಲ್ಲ; ಕೊಟ್ಟರೆ ಸಲಿಂಗಕಾಮಕ್ಕೆ ಕುಮ್ಮಕ್ಕು ಕೊಟ್ಟಂತೆ ಅನ್ನುವುದು ವಾದ. ‘ಏಡ್ಸ್ ಭೇದಭಾವ್ ವಿರೋಧಿ ಆಂದೋಲನ್’ ಎಂಬ ಸಂಘಟನೆ ದೆಹಲಿ ಹೈಕೋರ್ಟಿಗೆ ಹೋಗಿ, ಕಾಂಡೋಮ್ ಕೊಡಿಸಿ, ಅಡ್ಡ ಬರುವ, ಸಲಿಂಗಕಾಮವನ್ನು ಅಪರಾಧ ಮಾಡಿದ್ದ ಸೆಕ್ಷನ್ 377 ಅನ್ನೂ ತೆಗೆಯಿರಿ ಅಂತ ಕೇಳಿತು. ಅರ್ಜಿ ಕೋರ್ಟಿನಲ್ಲಿ ಧೂಳು ತಿಂದು 2001ರಲ್ಲಿ ವಜಾ ಆಯಿತು. ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಆ ಸೆಕ್ಷನ್ ತಾಗದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ರಂದು. ಆ ದಿನ ಟೀವಿ ನೋಡುತ್ತಾ ನನಗೆ ನೆನಪಾದದ್ದು ತಿಹಾರಿನ ಆ ಕಾಂಡೋಮ್ ಜಗಳ.