ಸಂತನ ಬೆಂಕಿ, ಬಡವರ ರೊಟ್ಟಿ

ಮಧ್ಯಯುಗದ ಯೂರೋಪಿನ ಮಾತು ಬಂತೆಂದರೆ ಸಾಕು, ‘ಬೂಷ್ಟು ಹಿಡಿದ ರೊಟ್ಟಿ ತಿಂದು ಊರಿಗೂರೇ ಹುಚ್ಚೆದ್ದು ಕುಣಿದಿತ್ತಂತಲ್ಲ’ ಅನ್ನುವವರು ಒಬ್ಬರಾದರೂ ಸಿಗುತ್ತಾರೆ. 1518ರಲ್ಲಿ ಸ್ಟ್ರಾಸ್‌ಬರ್ಗಿನ ಜನ ದಿನಗಟ್ಟಲೆ ಕುಣಿದದ್ದು ನಿಜ. ಅವರು ಹೇಳುವ ಬೂಷ್ಟು ಎರ್ಗಟ್ ಎಂಬ ಶಿಲೀಂಧ್ರ; ಅದರ ವಿಷ ಕೈಕಾಲಿಗೆ ರಕ್ತ ಹರಿಯದಂತೆ ಮಾಡುತ್ತದೆ. ಕುಣಿತವನ್ನು ಅದರ ತಲೆಗೆ ಕಟ್ಟುವವರಿಗೆ ನನ್ನದೊಂದೇ ಪ್ರಶ್ನೆ: ಕಾಲಿಗೆ ರಕ್ತವೇ ಇಳಿಯದವನು ಕುಣಿಯುವುದು ಹೇಗೆ? ಸೆಳೆತ ಬರಿಸುವ ಇನ್ನೊಂದು ರೂಪವೂ ಎರ್ಗಟ್ ತರುವ ಕಾಯಿಲೆಗೆ ಉಂಟು. ಸೆಳೆತ ಬಂದವನೂ ದಿನಗಟ್ಟಲೆ ಹೆಜ್ಜೆ ಹಾಕಲಾರ.

ಎರ್ಗಟ್ ಹತ್ತುವುದು ಮುಖ್ಯವಾಗಿ ಗೋಧಿಯ ದಾಯಾದಿಯಾದ ರೈ ಎಂಬ ಧಾನ್ಯದ ಬೆಳೆಗೆ. ಹೂಬಿಡುವ ಹೊತ್ತಿಗೆ ಚಳಿ, ಮಳೆ ಹಿಡಿದರೆ ಕಾಳು ಕಟ್ಟಬೇಕಾದ ಜಾಗದಲ್ಲಿ ಕಪ್ಪು-ನೇರಳೆ ಬಣ್ಣದ ಕೊಂಬು ಮೂಡುತ್ತದೆ, ಥೇಟ್ ಹುಂಜದ ಕಾಲಿನ ಮುಳ್ಳು. ಹೆಸರು ಬಂದದ್ದೂ ಆ ಮುಳ್ಳಿನ ಫ್ರೆಂಚ್ ಪದದಿಂದಲೇ. ಅದು ಹಿಟ್ಟಿನಲ್ಲಿ ಬೆರೆತು ಹೊಟ್ಟೆ ಸೇರಿದರೆ ಸಣ್ಣ ರಕ್ತನಾಳಗಳ ಗೋಡೆಯ ಸ್ನಾಯು ಬಿಗಿದುಕೊಳ್ಳುತ್ತದೆ. ನಾಳದ ವ್ಯಾಸ ಅರ್ಧಕ್ಕೆ ಕುಗ್ಗಿದರೆ, ಒತ್ತಡ ಅಷ್ಟೇ ಇದ್ದಾಗ, ಹರಿವು ಅರ್ಧಕ್ಕಲ್ಲ, 16ರಲ್ಲಿ 1 ಪಾಲಿಗೆ ಇಳಿಯುತ್ತದೆ! ನಾಲೆಯ ತೂಬು ಸ್ವಲ್ಪ ಇಳಿಸಿದರೂ ಮೊದಲು ಒಣಗುವುದು ಕೊನೆಭಾಗದ ರೈತನ ಗದ್ದೆ ತಾನೇ? ದೇಹದ ಕೊನೆಭಾಗದ ರೈತರೆಂದರೆ ಬೆರಳುಗಳು. ಮುಟ್ಟಿದರೆ ತಣ್ಣಗೆ, ಒಳಗೆ ಕೆಂಡದುರಿ; ಜನ ಈ ಕಾಯಿಲೆಯನ್ನು ಕರೆದದ್ದೇ ‘ಪವಿತ್ರ ಬೆಂಕಿ’ ಎಂದು. ಆಮೇಲೆ ಬೆರಳು ಕಪ್ಪಾಗಿ, ಇದ್ದಿಲಿನಂತೆ ಒಣಗಿ, ಎಷ್ಟೋ ಸಲ ಹನಿ ರಕ್ತವೂ ಇಲ್ಲದೆ ಕಳಚಿ ಬೀಳುತ್ತದೆ. ಜರ್ಮನಿಯ ಕ್ಸಾಂಟೆನ್ನಿನ ವಾರ್ಷಿಕ ದಾಖಲೆಯಲ್ಲಿ 857ರಷ್ಟು ಹಿಂದೆಯೇ ಇಂಥದ್ದೊಂದು ಪಿಡುಗಿನ ಸಾಲುಗಳಿವೆ: ಬೊಬ್ಬೆ ಎದ್ದು, ಸಾಯುವ ಮೊದಲೇ ಕೈಕಾಲು ಕಳಚಿದವಂತೆ.

ಬಿಳಿ ಗೋಧಿ ರೊಟ್ಟಿ ಒಡೆಯರ ಪಾಲು, ರೈ ಒಕ್ಕಲಿನವರ ಪಾಲು. ಎರ್ಗಟ್ಟಿನ ವಿಷ ಹೊಸ ಕಾಳಿನಲ್ಲೇ ಜೋರು. ಕಣಜ ಬರಿದಾಗಿದ್ದವರು ಕೊಯ್ಲಾದ ಕೂಡಲೇ ಬೀಸಿ ತಿಂದರು. ಬೆಂಕಿ ಬಡವರನ್ನು ಹುಡುಕಿಕೊಂಡು ಬಂತೆಂದು ಅವರಿಗೆ ಅನಿಸಿದ್ದರೆ ತಪ್ಪೇನು?

ಈ ‘ಪವಿತ್ರ ಬೆಂಕಿ’ಗೆ ಮದ್ದೆಂದರೆ ಈಜಿಪ್ಟಿನ ಮರುಭೂಮಿಯ ತಪಸ್ವಿ ಸಂತ ಅಂತೋನಿ. 11ನೇ ಶತಮಾನದಲ್ಲಿ ಆತನವೆನ್ನಲಾದ ಅಸ್ಥಿಗಳು ಕಾನ್‌ಸ್ಟಾಂಟಿನೋಪಲ್‌ನಿಂದ ಫ್ರಾನ್ಸಿನ ದೋಫಿನೆ ಪ್ರಾಂತಕ್ಕೆ ಬಂದವು. 1095ರ ಸುಮಾರಿಗೆ ಅಲ್ಲಿ ಹುಟ್ಟಿದ ಅಂತೋನಿ ಪಂಥದ ಆಸ್ಪತ್ರೆಗಳು ಯೂರೋಪಿನ ಉದ್ದಗಲಕ್ಕೂ ಹರಡಿದವು. ಪಂಥದ ಹಂದಿಗಳು ಕೊರಳಲ್ಲಿ ಗಂಟೆ ಕಟ್ಟಿಕೊಂಡು ಪೇಟೆ ಬೀದಿಗಳಲ್ಲಿ ಧಾರಾಳವಾಗಿ ಮೇಯುತ್ತಿದ್ದವು. ಅಂದಿನ ಧಾರ್ಮಿಕ ಅಧಿಕಾರದ ಗತ್ತು ಹಂದಿಯ ಕೊರಳಿನವರೆಗೂ ಇಳಿದಿತ್ತು ಅನ್ನಿ.

ರೋಗಿಗಳಿಗೆ ಅಸ್ಥಿಯ ಮೇಲೆ ಸುರಿದ ದ್ರಾಕ್ಷಾರಸ, ಹಂದಿ ಕೊಬ್ಬಿನ ಲೇಪ, ಜೊತೆಗೆ ಒಳ್ಳೆಯ ರೊಟ್ಟಿ ಸಿಗುತ್ತಿತ್ತು. ಗುಟ್ಟಿದ್ದದ್ದು ಬಹುಶಃ ಆ ರೊಟ್ಟಿಯಲ್ಲೇ. ಮನೆಯ ರೈ ಬಿಟ್ಟು ವಾರಗಟ್ಟಲೆ ನಡೆದು ಬಂದವನು ಗೋಧಿ ರೊಟ್ಟಿ ತಿಂದರೆ ವಿಷ ಸೇರುವುದೇ ನಿಂತಿತು. ಮೂಢನಂಬಿಕೆ ಎಂದು ತಳ್ಳಿಹಾಕುವ ನಮ್ಮಂಥವರಿಗೆ ಇದು ಕೊಂಚ ಇರುಸುಮುರುಸು: ವಿವರಣೆ ತಪ್ಪು, ಚಿಕಿತ್ಸೆ ಸರಿ. ಆದರೆ ಊರಿಗೆ ಮರಳಿದವನು ತಿಂದದ್ದು ಮತ್ತದೇ ರೈ. ವಿವರಣೆ ತಪ್ಪಿದ್ದಕ್ಕೆ ತೆತ್ತ ಬೆಲೆ ಅದು. ಫ್ರಾನ್ಸಿನ ವಿಜ್ಞಾನ ಅಕಾಡೆಮಿಗೆ ವೈದ್ಯ ಡೆನಿ ದೋದಾರ್ ಆ ಕಪ್ಪು ಕಾಳಿನ ಕಡೆ ಬೊಟ್ಟು ಮಾಡಿ ಬರೆದದ್ದು 1676ರಲ್ಲಿ.

ಫ್ರಾನ್ಸಿನ ಕೋಲ್ಮಾರ್‌ನಲ್ಲಿರುವ ಐಸೆನ್‌ಹೈಮ್ ಬಲಿಪೀಠದ ಚಿತ್ರಗಳನ್ನು ಜರ್ಮನ್ ಕಲಾವಿದ ಗ್ರುನೆವಾಲ್ಡ್ 1516ರ ಹೊತ್ತಿಗೆ ಮುಗಿಸಿದ್ದು ಇದೇ ಪಂಥದ ಮಠಕ್ಕೆ. ಒಂದು ಮೂಲೆಯಲ್ಲಿ ಹೊಟ್ಟೆಯುಬ್ಬಿ, ಮೈತುಂಬ ಹುಣ್ಣಾದವನೊಬ್ಬ ಒರಗಿದ್ದಾನೆ. ಕೆಳಗಿನ ಹಲಗೆಗಳನ್ನು ಸರಿಸಿದರೆ ಕ್ರಿಸ್ತನ ಕಾಲುಗಳೇ ಮೈಯಿಂದ ಬೇರ್ಪಡುತ್ತವೆ. ಕಾಲು ಕಳೆದುಕೊಂಡು ಮಲಗಿದ್ದವರ ಎದುರು ಅದನ್ನು ಸರಿಸುತ್ತಿದ್ದರೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ.

ಅದೇ ಎರ್ಗಟ್ಟಿನ ವಂಶದ ಔಷಧಿ ಇಂದು ನಮ್ಮ ಹೆರಿಗೆ ವಾರ್ಡುಗಳಲ್ಲಿದೆ. ಹೆತ್ತ ಮೇಲೆ ರಕ್ತ ನಿಲ್ಲದಿದ್ದಾಗ ಚುಚ್ಚುವ ಮೀಥೈಲ್ ಎರ್ಗೊಮೆಟ್ರಿನ್ ಮಾಡುವುದೂ ಸ್ನಾಯು ಬಿಗಿಸುವ ಕೆಲಸವನ್ನೇ, ಈ ಸಲ ಗರ್ಭಕೋಶದ್ದು. ಇನ್ನು ನಮ್ಮ ಸಜ್ಜೆಗೂ ಎರ್ಗಟ್ಟಿನ ದಾಯಾದಿಯೊಂದು ಹತ್ತುತ್ತದೆ. ತೆನೆಯಲ್ಲಿ ಜೇನಿನಂಥ ಅಂಟು, ಆಮೇಲೆ ಕಪ್ಪು ಗಟ್ಟಿ. ತಿಂದರೆ ಬೆರಳು ಬೀಳುವುದಿಲ್ಲ. ವಾಂತಿ, ತಲೆಸುತ್ತು, ಮಂಪರು. ಅದಕ್ಕೆ ಉಪಾಯ ಉಪ್ಪುನೀರು. ಬೀಜ ಸುರಿದು ಕಲಕಿದರೆ ಒಳ್ಳೆಯ ಕಾಳು ತಳಕ್ಕಿಳಿಯುತ್ತದೆ, ಕರಿಗಟ್ಟಿ ಮೇಲೆ ತೇಲುತ್ತದೆ. ಅದನ್ನು ಬಾಚಿ ತೆಗೆದು, ಕಾಳನ್ನು ಸಿಹಿನೀರಲ್ಲಿ ತೊಳೆದು, ನೆರಳಿಗೆ ಹರವಿ ಒಣಗಿಸಿದರಾಯಿತು.