ಪರ್ಸಿ ಕಲ್ಲಿನ ಬೆಳದಿಂಗಳು

ಸೇಡಂ ಕಡೆಯ ಹಳೆ ಮನೆಗಳಲ್ಲಿ ನೆಲ ಪರ್ಸಿ, ಕಟ್ಟೆ ಪರ್ಸಿ, ಬಚ್ಚಲೂ ಪರ್ಸಿ. ಊರ ಹೊರಗಿನವರು ಇದನ್ನು ಶಹಾಬಾದ್ ಕಲ್ಲು ಅಂತಾರೆ. ಬೇಸಿಗೆ ಮಧ್ಯಾಹ್ನ ಇದರ ಮೇಲೆ ಚಾಪೆ ಇಲ್ಲದೆ ಮಲಗಿದವರಿಗೆ ಇದರ ತಂಪು ಗೊತ್ತು. ಇದೇ ಜಾತಿಯ ಕಲ್ಲು ಒಂದು ಕಾಲಕ್ಕೆ ಯುರೋಪಿನ ಒಪೆರಾ ರಂಗಕ್ಕೆ ಸೂರ್ಯನೂ ಆಗಿತ್ತು, ಚಂದ್ರನೂ ಆಗಿತ್ತು.

ಒಪೆರಾ ಅಂದರೆ ಮಾತಿನ ಜಾಗದಲ್ಲೂ ಹಾಡೇ ಇರುವ ನಾಟಕ. ದೊಡ್ಡಾಟ ನೋಡಿದವರಿಗೆ, ಶರಣಬಸವೇಶ್ವರ ಜಾತ್ರೆಗೆ ಬರುವ ಕಂಪನಿ ನಾಟಕದ ಟೆಂಟಿನಲ್ಲಿ ಕೂತವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಹಾಡುವವರ ಮುಖ ಕಾಣಬೇಕು. ಅಷ್ಟಕ್ಕೇ ಎಷ್ಟು ಪಾಡು ಪಟ್ಟರು ಅನ್ನುವುದೇ ರಂಗದ ಬೆಳಕಿನ ಕಥೆ.

ಮೊದಲು ಚಿಮಣಿ ದೀಪದ ವಿಷಯ. ಅದರ ಉರಿ ಹಳದಿ ಯಾಕೆ? ಸೀಮೆಎಣ್ಣೆ ಪೂರ್ತಿ ಸುಡುವ ಮೊದಲು ಸಣ್ಣ ಸಣ್ಣ ಮಸಿಯ ಕಣಗಳಾಗುತ್ತದೆ. ಆ ಕಣಗಳು ಕಾದು ಹೊಳೆಯುತ್ತವೆ. ಗೋಡೆಗೆ ಹತ್ತಿ ಬೈಸಿಕೊಳ್ಳುವ ಮಸಿಯೇ ಉರಿಯೊಳಗಿದ್ದಾಗ ಬೆಳಕು ಕೊಡುವುದು! ಮಸಿ ಆಗದ ಉರಿಯಲ್ಲಿ ಬೆಳಕೂ ಕಡಿಮೆ. ಹೈಡ್ರೋಜನ್ ಉರಿಯಂತೂ ಹಗಲಲ್ಲಿ ಕಣ್ಣಿಗೇ ಬೀಳುವುದಿಲ್ಲ, ಆದರೆ ವಿಪರೀತ ಬಿಸಿ. ಅಂಥ ಉರಿಯ ಬಾಯಿಗೆ ಕರಗದ, ಸುಟ್ಟು ಹೋಗದ ಒಂದು ಗಟ್ಟಿ ವಸ್ತುವನ್ನು ಹಿಡಿದರೆ? ಅದೇ ದೀಪ.

ಸುಣ್ಣ ಅಂಥ ವಸ್ತು. ಸುಣ್ಣದ ಕಲ್ಲನ್ನು (ನಮ್ಮ ಪರ್ಸಿಯೂ ಸುಣ್ಣದ ಕಲ್ಲೇ) ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಕಾರ್ಬನ್ ಡೈಆಕ್ಸೈಡ್ ಬಿಟ್ಟುಹೋಗುತ್ತದೆ. ಶುದ್ಧವಾದ 100 ಕಿಲೋ ಕಲ್ಲಿಗೆ 56 ಕಿಲೋ ಸುಣ್ಣ ಉಳಿಯುತ್ತದೆ, ಬಾಕಿ 44 ಕಿಲೋ ಗಾಳಿಪಾಲು. ವಾಡಿ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಗೂಡಿನಲ್ಲೂ ಮೊದಲು ನಡೆಯುವುದು ಇದೇ. ಎಲೆಗೆ ಹಚ್ಚುವ ಸುಣ್ಣ ನೀರು ಹಾಕಿ ಅರಳಿಸಿದ್ದು. ದೀಪಕ್ಕೆ ಬೇಕಾದದ್ದು ಅರಳಿಸದ ಸುಣ್ಣ. ಅದು ಕರಗಬೇಕಾದರೆ 2,500 ಡಿಗ್ರಿ ದಾಟಬೇಕು. ಆಕ್ಸಿಜನ್ ಬೆರೆತ ಹೈಡ್ರೋಜನ್ ಉರಿಯಲ್ಲಿ ಅದು ಕರಗದೆ ನಿಂತು ಕಣ್ಣು ಕುಕ್ಕುವಷ್ಟು ಬೆಳ್ಳಗೆ ಹೊಳೆಯುತ್ತದೆ.

ಇದನ್ನು ಮೊದಲು ಚೆನ್ನಾಗಿ ಬಳಸಿದವರು ನಾಟಕದವರಲ್ಲ, ಭೂಮಿ ಅಳೆಯುವವರು. 1825ರಲ್ಲಿ ಐರ್ಲೆಂಡಿನ ಸರ್ವೆಯಲ್ಲಿ ಥಾಮಸ್ ಡ್ರಮಂಡ್ ಎಂಬ ಸೇನಾ ಎಂಜಿನಿಯರ್ ಬೆಟ್ಟದ ಮೇಲೆ ಸುಣ್ಣದ ದೀಪ ಹಚ್ಚಿಸಿದ. ನೂರು ಕಿಲೋಮೀಟರಿಗೂ ಆಚೆಯ ಬೆಟ್ಟದಿಂದ ಅದು ಕಂಡಿತು. ನೇರ ಗೆರೆ ಎಳೆದರೆ ಹೆಚ್ಚು ಕಡಿಮೆ ಕಲಬುರಗಿಯಿಂದ ಬೀದರ್‌ನಷ್ಟು ದೂರ. 1837ರಲ್ಲಿ ಲಂಡನ್ನಿನ ಕೋವೆಂಟ್ ಗಾರ್ಡನ್ ಥಿಯೇಟರ್ ಅದನ್ನು ರಂಗಕ್ಕೆ ತಂದಿತು. ಮುಂದೆ ಆ ಥಿಯೇಟರೇ ಒಪೆರಾದ ಮನೆಯಾಯಿತು. ಇಂಗ್ಲಿಷಿನಲ್ಲಿ ಹೆಸರು ಮಾಡಿದವರನ್ನು 'ಲೈಮ್‌ಲೈಟ್‌ನಲ್ಲಿದ್ದಾರೆ' ಅನ್ನುತ್ತಾರಲ್ಲ, ಅದು ಈ ಸುಣ್ಣದ ಬೆಳಕೇ.

ಆದರೆ ಒಂದೊಂದು ದೀಪಕ್ಕೂ ಒಬ್ಬೊಬ್ಬ ಆಳು ಬೇಕಿತ್ತು. ಉರಿ ತಾಗಿದ ಕಡೆ ಸುಣ್ಣದ ತುಂಡಿನಲ್ಲಿ ಗುಳಿ ಬೀಳುತ್ತದೆ, ಅದಕ್ಕೆ ಆಗಾಗ ತಿರುವುತ್ತಿರಬೇಕು. ಗ್ಯಾಸ್ ತುಂಬಿದ ಚೀಲಗಳ ಮೇಲೆ ಭಾರ ಹೇರಿರಬೇಕು. ಮೇಲೆ ಹಾಡುಗಾರ ಅತ್ತಿತ್ತ ಹೋದಂತೆ ಬೆಳಕೂ ಅವನ ಬೆನ್ನು ಬೀಳಬೇಕು. ಈ ಕೆಲಸದವರ ಹೆಸರು ಯಾವ ಪೋಸ್ಟರಿನಲ್ಲೂ ಬಂದಿರಲಿಕ್ಕಿಲ್ಲ.

ನಮ್ಮ ಬಯಲಾಟಕ್ಕೆ ಬೆಳಕು ಕೊಟ್ಟ ಗ್ಯಾಸ್ ಬತ್ತಿ ಇದರ ತಮ್ಮ. ಪಂಪು ಹೊಡೆದು ಹಚ್ಚುತ್ತಿದ್ದರಲ್ಲ, ಆ ಪೆಟ್ರೋಮ್ಯಾಕ್ಸ್. ಅದರ ಮ್ಯಾಂಟಲ್ ರೇಷ್ಮೆ ಚೀಲದ ಹಾಗೆ ಕಾಣುತ್ತದೆ. ಮೊದಲ ಸಲ ಹಚ್ಚಿದಾಗಲೇ ಬಟ್ಟೆ ಸುಟ್ಟುಹೋಗಿ, ಥೋರಿಯಂ ಆಕ್ಸೈಡಿನ ಜಾಲ ಉಳಿಯುತ್ತದೆ. ಜೊತೆಗೆ ಶೇಕಡಾ 1ರಷ್ಟು ಸೀರಿಯಂ. ಆಸ್ಟ್ರಿಯಾದ ಕಾರ್ಲ್ ಆವರ್ ಫಾನ್ ವೆಲ್ಸ್‌ಬಾಕ್ ಕಂಡುಕೊಂಡ ಹದ ಇದು. ಬೆರಳು ತಾಗಿಸಿದರೆ ಪುಡಿ ಪುಡಿ. ಮಕ್ಕಳಾಗಿದ್ದಾಗ ತಾಗಿಸಿ ನೋಡದವರು ಯಾರು, ಏಟು ತಿನ್ನದವರು ಯಾರು! ಸುಣ್ಣದ ದೀಪವಾಗಲಿ, ಗ್ಯಾಸ್ ಬತ್ತಿಯಾಗಲಿ, ಸೂತ್ರ ಒಂದೇ. ಬೆಳಕು ಉರಿಯದಲ್ಲ, ಉರಿಯಲ್ಲಿ ಕಾದ ಬಿಳಿ ಆಕ್ಸೈಡಿನದು.

ಈಗಿನ ಒಪೆರಾ ಕಂಪನಿಯ ಲೈಟಿಂಗ್ ಡಿಸೈನರ್ ಉರಿ ಮುಟ್ಟುವುದಿಲ್ಲ. ಆತನ ಮೇಜಿನ ಮೇಲೆ ಹಾಡಿನ ಸ್ವರಲಿಪಿ ಇರುತ್ತದೆ. ಬೆಳಕು ಬದಲಾಗುವುದು ಗಡಿಯಾರ ನೋಡಿ ಅಲ್ಲ, ಇಂಥ ಸಾಲಿನ ಇಂಥ ತಾಳಕ್ಕೆ ಅಂತ ಅದರಲ್ಲೇ ಗುರುತು ಹಾಕಿರುತ್ತಾರೆ. ವಾದ್ಯವೃಂದ ಇವತ್ತು ನಿಧಾನಕ್ಕೆ ನುಡಿಸಿದರೆ ಸೂರ್ಯನೂ ನಿಧಾನಕ್ಕೆ ಮುಳುಗಬೇಕು. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರರ ಕೈ ನೋಡಿಕೊಂಡು ಲೈಟು ಬಿಡುವ ಹುಡುಗನಿಗೂ ಇದೇ ಕಷ್ಟ. ಹಾಡುವವರು ವಾದ್ಯವೃಂದ ನಡೆಸುವ ಕಂಡಕ್ಟರ್ ಕೈಯನ್ನು ನೋಡುತ್ತಲೇ ಇರಬೇಕು, ಎದುರಿನ ಬೆಳಕು ಅವರ ಕಣ್ಣು ಕಟ್ಟಬಾರದು. ಸುಮ್ನೆ ಒಂದು ದೊಡ್ಡ ಲೈಟು ಮುಖಕ್ಕೆ ಹೊಡೆದರೆ ಎರಡೂ ಕೆಡುತ್ತದೆ: ಹಾಡು ತಪ್ಪುತ್ತದೆ, ಮುಖ ಚಪ್ಪಟೆಯಾಗುತ್ತದೆ. ಪಕ್ಕದಿಂದ, ಮೇಲಿನಿಂದ ಬಿದ್ದ ಬೆಳಕಿಗೇ ಮೂಗು, ಕೆನ್ನೆ ಎದ್ದು ಕಾಣುವುದು.

ಬೆಳದಿಂಗಳು ಮಾಡುವುದು ಇನ್ನೂ ಮಜಾ. ರಂಗದ ಮೇಲೆ ಅದು ಯಾವತ್ತೂ ನೀಲಿ, ಅಲ್ವಾ? ನಿಜವಾದ ಬೆಳದಿಂಗಳು ನೀಲಿ ಅಲ್ಲ. ಅದು ಚಂದ್ರನ ಮೇಲೆ ಬಿದ್ದು ವಾಪಸ್ ಬಂದ ಬಿಸಿಲು, ಬಿಸಿಲಿಗಿಂತ ಒಂಚೂರು ಕೆಂಪೇ. ಮೋಸ ಮಾಡುವುದು ನಮ್ಮ ಕಣ್ಣು. ಮಬ್ಬು ಬೆಳಕಿನಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಸೋತು, ರಾಡ್ ಕೋಶಗಳು ಕೆಲಸಕ್ಕೆ ಇಳಿಯುತ್ತವೆ. ಅವಕ್ಕೆ ನೀಲಿ-ಹಸಿರು ಕಡೆಯ ಬೆಳಕು ಚೆನ್ನಾಗಿ ಕಾಣುತ್ತದೆ, ಕೆಂಪು ಕಾಣುವುದೇ ಇಲ್ಲ ಅನ್ನಬಹುದು. ಸಂಜೆ ಕತ್ತಲಾದಂತೆ ದಾಸವಾಳ ಕಪ್ಪಾಗಿ ಎಲೆ ಮಾತ್ರ ತಿಳಿಯಾಗಿ ಉಳಿಯುವುದು ಇದಕ್ಕೇ. ಇದನ್ನು ಗಮನಿಸಿ ಬರೆದಿಟ್ಟವನು ಚೆಕ್ ವಿಜ್ಞಾನಿ ಪುರ್ಕಿನ್ಯೆ, ಇನ್ನೂರು ವರ್ಷದ ಹಿಂದೆ. ಡಿಸೈನರ್ ಚಂದ್ರನನ್ನು ನಕಲು ಮಾಡುತ್ತಿಲ್ಲ, ರಾತ್ರಿಯ ಕಣ್ಣನ್ನು ನಕಲು ಮಾಡುತ್ತಿದ್ದಾನೆ.

ಈಗ ಎಲ್ಲೆಡೆ ಎಲ್‌ಇಡಿ. ಕೆಂಪು, ಹಸಿರು, ನೀಲಿ ಬೆರೆಸಿದರೆ ಬಿಳಿ ಬರುತ್ತದೆ, ಆದರೆ ಆ ಬಿಳಿಯಲ್ಲಿ ಮನುಷ್ಯರ ಮೈಬಣ್ಣ ಕಾಯಿಲೆ ಬಿದ್ದವರ ಹಾಗೆ. ಅದಕ್ಕೇ ಒಳ್ಳೆ ದೀಪಗಳಲ್ಲಿ ಅಂಬರ್ (ಕೇಸರಿ ಬೆರೆತ ಹಳದಿ), ಲೈಮ್ ಅಂತ ಇನ್ನಷ್ಟು ಬಣ್ಣ ಸೇರಿಸುತ್ತಾರೆ. ಈ ಲೈಮ್ ನಿಂಬೆಕಾಯಿಯದು, ಸುಣ್ಣದ್ದಲ್ಲ. ಸುಣ್ಣ ಹೋದ ಮೇಲೂ ಹೆಸರು ಬಿಡಲಿಲ್ಲ ನೋಡಿ.

ನನ್ನ ತಕರಾರು ಬೇರೆ. ಹಳೆಯ ಹ್ಯಾಲೊಜನ್ ಲೈಟನ್ನು ಇಳಿಸುತ್ತಾ ಹೋದರೆ ತಂತಿ ತಣ್ಣಗಾಗುತ್ತಾ ಬೆಳಕು ಹಳದಿ, ಆಮೇಲೆ ಕೆಂಡದ ಬಣ್ಣಕ್ಕೆ ತಿರುಗಿ ಆರುತ್ತದೆ. ಒಲೆ ಆರುವುದೂ ಹಾಗೆಯೇ. ಎಲ್‌ಇಡಿ ಕಾದು ಹೊಳೆಯುವುದಲ್ಲ, ಅದರಲ್ಲಿ ತಣ್ಣಗಾಗಲು ಏನೂ ಇಲ್ಲ. ಇಳಿಸಿದರೆ ಬಣ್ಣ ಹಾಗೇ ಇದ್ದು ಬರೀ ಕಡಿಮೆಯಾಗುತ್ತದೆ. ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಒಂದು ನಾಟಕದ ಕೊನೆಯ ದೃಶ್ಯ ನೋಡುತ್ತಿದ್ದೆ. ಬೆಳಕು ಇಳಿಯಿತು, ಮುದುಕಿಯ ಪಾತ್ರದ ಮುಖದ ಮೇಲೆ ಕೊನೆಯಲ್ಲಿ ಸಣ್ಣಗೆ ಕೆಂಪು ಬಂತು. ಆಮೇಲೆ ಲೈಟಿನ ಹುಡುಗನನ್ನು ಕೇಳಿದೆ. 'ಕೊನೆಗೆ ಮೂರು ಸೆಕೆಂಡ್ ಅಂಬರ್ ಹಾಕೀನ್ರಿ, ಇಲ್ಲಾಂದ್ರ ಸತ್ತಂಗ ಕಾಣ್ತದ' ಅಂದ.